ಚೀಟಿಯಲ್ಲಿಲ್ಲದ ಮೂಳೆಗಳು

ಟಪ್ಪೆಂದು ಬಿದಿರಿನ ದಬ್ಬೆ ನೆಲಕ್ಕೆ ಬಿತ್ತು. ಕೂಸಿನ ಎಡಗೈಗೆ ನಾಟಿ ವೈದ್ಯರು ಸೊಪ್ಪು ಅರೆದು ಹಾಕಿದ್ದ ಕಟ್ಟನ್ನು ನಾಗಶ್ರೀ ಬಿಚ್ಚುತ್ತಿದ್ದಳು. ಆ ಸದ್ದಿಗೆ ಎಂಟು ತಿಂಗಳ ಕೂಸು ಬೆಚ್ಚಿತು. ಅಳಲಿಲ್ಲ. ಅಮ್ಮನ ಕಡೆಗೂ ತಿರುಗಲಿಲ್ಲ.

ಮುಳ್ಳೂರಿನ ನಾಗಶ್ರೀ ಕೊಳ್ಳೇಗಾಲದ ಈ ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಬಂದು ಹನ್ನೊಂದು ವರ್ಷ. ತೆಂಗಿನ ಮರದಿಂದ ಬಿದ್ದವರು, ಬೈಕಿನಿಂದ ಜಾರಿದವರು, ಎಲ್ಲರ ಮೂಳೆಯನ್ನೂ ಕಂಡಿದ್ದಾಳೆ. ಯಾರ ಮೂಳೆಯ ಬಗ್ಗೆಯೂ ಬಾಯಿ ಬಿಟ್ಟವಳಲ್ಲ. ಚೀಟಿಯಲ್ಲಿ ಮಂಡಿ ಎಂದಿದ್ದರೆ ಮಂಡಿ, ಅಷ್ಟೇ. ಪಕ್ಕದ್ದೇನಾದರೂ ಚಿತ್ರಕ್ಕೆ ಬಂದರೆ ಅಂಚು ಕತ್ತರಿಸಿ ಚೊಕ್ಕ ಮಾಡಿ ಕೊಡುವುದು ಅವಳ ರೂಢಿ. ನೋಡಿ ಹೇಳುವುದು ಡಾಕ್ಟರ ಕೆಲಸ.

ಇವತ್ತಿನ ಚೀಟಿಯಲ್ಲಿದ್ದದ್ದು ಎಡಗೈ. ತೊಟ್ಟಿಲಿಂದ ಬಿತ್ತು ಎಂದಿದ್ದಳು ತಾಯಿ ಕೋಮಲ. ಯಾವಾಗ ಎಂದರೆ ನಿನ್ನೆ ಎಂದಳು, ಆಮೇಲೆ ಮೊನ್ನೆ ಎಂದು ಬಾಗಿಲ ಕಡೆ ನೋಡಿದಳು.

ಅಂಗೈಯಗಲದ ಮೈ, ಕೈಯ ಜೊತೆ ಅರ್ಧ ಎದೆಯೂ ಪರದೆಗೆ ಬಂತು. ತೋಳಿನ ಮುರಿತ ಹೊಸದು. ಆದರೆ ಬೆನ್ನುಮೂಳೆಯ ಪಕ್ಕದಲ್ಲಿ ಮೂರು ಪಕ್ಕೆಲುಬುಗಳ ಮೇಲೆ ಸಾಲಾಗಿ ಗಂಟು. ಯಾವಾಗಲೋ ಮುರಿದು, ಯಾರೂ ನೋಡದೆ, ತಾವಾಗಿಯೇ ಕೂಡಿಕೊಳ್ಳುತ್ತಿದ್ದ ಮೂಳೆಗಳು. ಅಷ್ಟು ಎಳೆಯ ಮೂಳೆ ಅಲ್ಲಿ ಮುರಿಯಬೇಕಾದರೆ ಯಾರೋ ಎದೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಸುಕಿರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಮೂಳೆಯ ಕಾಯಿಲೆಯೂ ಇದ್ದೀತು. ಯಾವುದೇ ಆಗಲಿ, ಕೂಸು ಇವತ್ತು ಮನೆಗೆ ಹೋಗಬಾರದು.

ರೂಢಿಯಂತೆ ಬೆರಳು ಅಂಚು ಕತ್ತರಿಸುವ ಗುಂಡಿಗೆ ಹೋಗಿತ್ತು. ಹಿಂದಕ್ಕೆ ತೆಗೆದಳು. ಚಿತ್ರವನ್ನು ಇಡಿಯಾಗಿ ಅಚ್ಚಿಗೆ ಕೊಟ್ಟಳು.

ಮಕ್ಕಳ ಡಾಕ್ಟರ್ ರಂಗನಾಥ ಇನ್ನು ಹತ್ತೇ ನಿಮಿಷದಲ್ಲಿ ಯಳಂದೂರಿಗೆ ಹೊರಡುವವರು; ಕೈಗೆ ಪಟ್ಟಿ ಹಾಕಿಸಿ ಕಳಿಸಿಬಿಡಿ ಎಂದಿದ್ದರು. ನಾಗಶ್ರೀ ಹೊರಬಂದರೆ ಕೂಸಿನ ತಾತ, ಹನೂರಿನ ಮಲ್ಲಿಕಾರ್ಜುನಸ್ವಾಮಿ, ಮೆಟ್ಟಿಲಿಗೆ ಅಡ್ಡ ನಿಂತಿದ್ದರು.

"ಆಯ್ತಾ ಕಣವ್ವ? ಡಾಕ್ಟ್ರು ಕೇಳಿರೋದು ಕೈದು ತಾನೆ? ಅದ ಇತ್ತ ಕೊಟ್ಬುಡು, ಒಂಟೋಯ್ತೀವಿ."

"ಪಕ್ಕೇಲೂ ಹಳೇ ಮುರಿತ ಅವೆ ಯಜಮಾನ್ರೆ. ಡಾಕ್ಟ್ರಿಗೆ ತೋರಿಸ್ಬೇಕು."

ಅವರು ದನಿ ತಗ್ಗಿಸಿದರು. ನಿಮ್ಮಪ್ಪ ನಮಗೆ ಬೇಕಾದವರು ಎಂದರು. ಮನೆಯ ವಿಷಯ, ಮನೆಯಲ್ಲೇ ಸರಿ ಮಾಡಿಕೊಳ್ಳುತ್ತೇವೆ ಎಂದರು. ಅಂದರೆ ಸರಿ ಮಾಡಿಕೊಳ್ಳುವಂಥದ್ದು ಏನೋ ಇದೆ. ಅವರ ಬೆನ್ನ ಹಿಂದೆ ಬೆಂಚಿನ ಮೇಲೆ ಕೋಮಲ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಾಡದೆ ಕೂತಿದ್ದಳು. ಮೇಲಿನ ಮಹಡಿಯಲ್ಲಿ ಡಾಕ್ಟರ ಕೋಣೆಯ ಬಾಗಿಲು ಕಿರುಗುಟ್ಟಿತು.

"ನೋಡವ್ವ, ಓದ್ ವರ್ಸ ನಿಮ್ಮಪ್ಪ ನಮ್ಮನೆಗೆ ಬಂದಾಗ..."

ನಾಗಶ್ರೀ ಅವರ ತೋಳಿನ ಪಕ್ಕದಿಂದ ನುಸುಳಿ, ಫಿಲಮನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದಳು.