ಬೆಲ್ಟಿನ ಮೂರನೆಯ ತೂತು

ಚಲಪತಿ ಗ್ಯಾಸ್ ಒಲೆಯ ಮೇಲೆ ಮೊಳೆ ಕಾಯಿಸಿ ಬೆಲ್ಟಿಗೆ ಇನ್ನೊಂದು ತೂತು ಮಾಡಿದರು. ನಾಲ್ಕು ತಿಂಗಳಲ್ಲಿ ಇದು ಮೂರನೆಯದು. ಬೆಲ್ಟು ಬಿಗಿದು, ಸಡಿಲವಾದ ಯೂನಿಫಾರಂ ಷರ್ಟನ್ನು ಹಿಂದಕ್ಕೆ ಮಡಿಸಿ ಸಿಕ್ಕಿಸಿ, ಕನ್ನಡಿಯಲ್ಲಿ ನೋಡಿಕೊಂಡರು. ಚಿಂತಾಮಣಿಯ ಆ ಬಾಡಿಗೆ ಕೋಣೆಯಲ್ಲಿ ಅವರನ್ನು ನೋಡುವವರು ಬೇರಾರೂ ಇಲ್ಲ. ಹೆಂಡತಿ ಕನಕಲಕ್ಷ್ಮಿ ತೀರಿಕೊಂಡು ಆರು ವರ್ಷ. ಮಕ್ಕಳಾಗಲಿಲ್ಲ.

ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು, ಬಹುಪಾಲು ಇಂಧನ ಡಿಪೋಗಳಲ್ಲಿ. ಈಗ ಅರವತ್ತೊಂದು, ಬ್ಯಾಂಕೊಂದರ ಬಾಗಿಲಲ್ಲಿ ಕಾವಲು. ಹೋದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಮಾಜಿ ಸೈನಿಕರ ಆರೋಗ್ಯ ಶಿಬಿರ ನಡೆದಾಗ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದರು. ಕ್ಯಾನ್ಸರ್ ಇದ್ದರೆ ಅದರ ಸುಳಿವನ್ನು ರಕ್ತದಲ್ಲಿ ಬೇಗನೆ ಹುಡುಕುವ ಪರೀಕ್ಷೆ. ಜೊತೆಗೊಂದು ಫಾರಂ: ತೂಕ ಇಳಿದಿದೆಯೇ, ಹಸಿವು ಕಡಿಮೆಯಾಗಿದೆಯೇ? ಎಲ್ಲಕ್ಕೂ ‘ಇಲ್ಲ’ ಎಂದು ಬರೆದಿದ್ದರು. ಯೋಚಿಸಿ ಬರೆದ ಸುಳ್ಳಲ್ಲ, ಕೈಯ ಅಭ್ಯಾಸ. ಸೇನೆಯಲ್ಲಿ ವರ್ಷಕ್ಕೊಮ್ಮೆ ಡಾಕ್ಟರ ಮುಂದೆ ಸಾಲಾಗಿ ನಿಂತಾಗ ಎಲ್ಲರದೂ ಒಂದೇ ಮಾತು: ಏನೂ ತೊಂದರೆ ಇಲ್ಲ ಸಾಹೇಬ್. ಇದೆ ಎಂದವನ ಮೆಡಿಕಲ್ ಕೆಟಗರಿ ಇಳಿಯುತ್ತಿತ್ತು, ಬಡ್ತಿ ನಿಲ್ಲುತ್ತಿತ್ತು.

ಬಾಗಿಲಿಗೆ ಬೀಗ ಹಾಕುವಾಗ ಫೋನು ಬಂತು. ಶಿಬಿರದ ನರ್ಸ್ ಪದ್ಮಶ್ರೀ.

“ಸರ್, ನಿಮ್ಮ ರಕ್ತದಲ್ಲಿ ಏನೋ ಸುಳಿವು ಸಿಕ್ಕಿದೆ. ಇದ್ರಿಂದಾನೇ ಕ್ಯಾನ್ಸರ್ ಅಂತ ಹೇಳಕ್ಕಾಗಲ್ಲ, ಗಾಬರಿ ಆಗ್ಬೇಡಿ. ಗುರುವಾರ ಚಿಕ್ಕಬಳ್ಳಾಪುರದ ಆಸ್ಪತ್ರೇಲಿ ಸ್ಕ್ಯಾನ್ ಮಾಡ್ತಾರೆ. ಜೊತೇಲಿ ಯಾರನ್ನಾದ್ರೂ ಕರ್ಕೊಂಡ್ ಬನ್ನಿ.”

“ಒಬ್ನೇ ಬರ್ತೀನಮ್ಮ.”

“ಇಂಜೆಕ್ಷನ್ ಕೊಟ್ಟು ಮಾಡೋದು ಸರ್, ಒಬ್ರು ಇರ್ಲೇಬೇಕು. ಆಮೇಲೆ, ತೂಕ ಇಳ್ದಿಲ್ಲ ಅಂತ ಬರ್ದಿದ್ದೀರ. ನಿಜ ತಾನೆ? ಡಾಕ್ಟ್ರು ಕೇಳ್ತಿದ್ದಾರೆ.”

ಚಲಪತಿಯ ಕೈ ಬೆಲ್ಟಿನ ಮೇಲೆ ಹೋಯಿತು. ಏನೂ ತೊಂದರೆ ಇಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

“ಮೂರು ತೂತು ಇಳ್ದಿದೆ,” ಎಂದರು.

“ಏನು ಸರ್?”

“ಬೆಲ್ಟಲ್ಲಿ. ನಾಲ್ಕು ತಿಂಗಳಿಂದ. ಊಟಾನೂ ಸೇರ್ತಿಲ್ಲಮ್ಮ.”

ಇದನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆ ಕಡೆ ಪದ್ಮಶ್ರೀ ಬರೆದುಕೊಳ್ಳುತ್ತಿದ್ದಳು.

ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ನೋಡಿದರು. ಬ್ಯಾಂಕ್ ಮ್ಯಾನೇಜರ್, ಗ್ಯಾಸ್ ಏಜೆನ್ಸಿ, ಮನೆ ಓನರ್. ಕೊನೆಗೆ ಶಿಡ್ಲಘಟ್ಟದ ನಲ್ಲಪ್ಪ. ಒಂದೇ ಯೂನಿಟ್ಟಿನಲ್ಲಿ ಇದ್ದವರು. ಈಗ ಭೇಟಿ ವರ್ಷಕ್ಕೊಂದೇ ಸಲ, ಪಿಂಚಣಿಗಾಗಿ ಬದುಕಿದ್ದೇವೆಂದು ಸಹಿ ಹಾಕುವ ನವೆಂಬರಿನಲ್ಲಿ. ಆ ನಂಬರು ಒತ್ತಿದರು.

“ಏನಪ್ಪಾ ಚಲಪತಿ, ನವೆಂಬರ್ ಇನ್ನೂ ಬಂದಿಲ್ವಲ್ಲೋ! ಬದ್ಕಿದ್ದೀನಿ ಅಂತ ಈಗ್ಲೇ ಹೇಳ್ತಿದ್ದೀಯಾ?”

“ಆಸ್ಪತ್ರೆಗೆ ಹೋಗ್ಬೇಕು ಕಣೋ. ಜೊತೆಗೆ ಒಬ್ರು ಬೇಕಂತೆ.”

ನಗು ನಿಂತಿತು. ಯಾಕೆ ಎಂದು ನಲ್ಲಪ್ಪ ಕೇಳಲಿಲ್ಲ.

“ಎಷ್ಟೊತ್ತಿನ ಬಸ್ಸು?”

ಗುರುವಾರ ಬೆಳಿಗ್ಗೆ ಚಿಂತಾಮಣಿಯಿಂದ ಹೊರಡುವ ಬಸ್ಸಿಗೆ ನಲ್ಲಪ್ಪ ಶಿಡ್ಲಘಟ್ಟದಲ್ಲಿ ಹತ್ತುತ್ತಾರೆ. ಸ್ಕ್ಯಾನ್ ಒಂಬತ್ತೂವರೆಗೆ.