ಯಂತ್ರದ ಪೆಟ್ಟಿಗೆಯಲ್ಲಿದ್ದ ಅರಿಶಿನದ ಕೊಂಬು

ವರ್ಷಗಳಿಂದ ಮುಚ್ಚಿಟ್ಟಿದ್ದ, ಮಣ್ಣು ಅಳೆಯುವ ಹಳೆಯ ಯಂತ್ರದ ಪೆಟ್ಟಿಗೆಯನ್ನು ನಿನ್ನೆ ತೆಗೆದಾಗ ಸಣ್ಣಗೆ ಅರಿಶಿನದ ವಾಸನೆ ಬಂತು. ಸ್ಪಂಜಿನ ಸಂದಿಯಲ್ಲಿ ಕೈಯಾಡಿಸಿದೆ. ಒಣಗಿ ಕಪ್ಪಾದ ಅರಿಶಿನದ ಕೊಂಬು, ಅದಕ್ಕೆ ಸುತ್ತಿದ ನೂಲು... ಅಲ್ಲೇ ಕುಳಿತುಬಿಟ್ಟೆ.

ಕಾಶಿಗೆ ಬಂದ ಹೊಸತರಲ್ಲಿ ನನಗೆ ಈ ಕೆಲಸ ಕಲಿಸಿದವರು ಅಕ್ಕ. ಒಡಹುಟ್ಟಿದವರಲ್ಲ, ಧಾರವಾಡದ ಕಡೆಯವರು, ನಮ್ಮ ವಿಭಾಗದ ಹಿರಿಯ ವಿಜ್ಞಾನಿ. ಅಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಗಂಗೆಯ ಆಚೆ ದಡದ ಹೊಲಗಳಲ್ಲಿ ಉಪ್ಪೆಷ್ಟು, ಜೇಡಿಯೆಷ್ಟು ಎಂದು ನಾವು ಅಳೆಯುತ್ತಿದ್ದೆವು. ಉದ್ದನೆಯ ಕೊಳವೆಯಂಥ ಆ ಯಂತ್ರ ಮಣ್ಣನ್ನು ಮುಟ್ಟುವುದೇ ಇಲ್ಲ. ಒಂದು ತುದಿಯ ಸುರುಳಿ ಮಣ್ಣಿನೊಳಗೆ ಸಣ್ಣ ವಿದ್ಯುತ್ತನ್ನು ಎಬ್ಬಿಸುತ್ತದೆ, ಇನ್ನೊಂದು ತುದಿಯದು ಅದನ್ನು ಹಿಡಿದು ಅಂಕಿಯಾಗಿ ತೋರಿಸುತ್ತದೆ.

ಮೈಮೇಲೆ ಲೋಹವಿದ್ದರೆ ಅಂಕಿ ಕೆಡುತ್ತದೆ. ಅಕ್ಕ ಇದರಲ್ಲಿ ಬಲು ಕಟ್ಟುನಿಟ್ಟು. ‘ತಂಗಿ, ಕಿವ್ಯಾಗಿಂದೂ ತಗಿ. ಮಣ್ಣ ಮಾತಾಡೂವಾಗ ಬಂಗಾರ ನಡಕ ಬಾಯಿ ಹಾಕಬಾರದು,’ ಎನ್ನುತ್ತಿದ್ದರು. ತಮ್ಮ ತಾಳಿಯನ್ನೂ ಬಿಚ್ಚಿ, ಕರವಸ್ತ್ರದಲ್ಲಿ ಗಂಟು ಕಟ್ಟಿ, ಹೊಲದಂಚಿನ ಬಿದಿರಿನ ಗಳಕ್ಕೆ ತೂಗುಹಾಕುತ್ತಿದ್ದರು. ಕೊರಳು ಬರಿದಾಗಬಾರದೆಂದು ನೂಲಿಗೆ ಅರಿಶಿನದ ಕೊಂಬು ಕಟ್ಟಿಕೊಳ್ಳುತ್ತಿದ್ದರು. ಇದನ್ನೆಲ್ಲ ನಂಬುತ್ತೀರಾ ಎಂದು ನಾನು ಕಾಡಿಸಿದರೆ, ‘ನಾ ಎಲ್ಲಿ ನಂಬತೀನಿ? ನಮ್ಮ ಮನಿಯವರದ್ದು ಪುಕ್ಕಲ ಜೀವ, ಅವರ ಸಲುವಾಗಿ,’ ಎಂದು ನಗುತ್ತಿದ್ದರು.

ಆ ಸಲ ಮಳೆಗಾಲ ಬೇಗ ಬಂದಿತ್ತು. ಹೊಳೆ ಏರುವುದರೊಳಗೆ ಅಳತೆ ಮುಗಿಸುವ ಆತುರ. ನಡುವೆ ಫೋನ್ ಬಂತು. ಅವರ ಯಜಮಾನರು ಮನೆಯಲ್ಲಿ ಕುಸಿದುಬಿದ್ದಿದ್ದರು, ಮೆದುಳಿನಲ್ಲಿ ರಕ್ತಸ್ರಾವ. ಅಕ್ಕ ಗಳದಿಂದ ಕರವಸ್ತ್ರ ಕಿತ್ತುಕೊಂಡು ದೋಣಿಯತ್ತ ಓಡಿದರು. ದೋಣಿಯಲ್ಲಿ ಕುಳಿತು ನೋಡಿದರೆ ಗಂಟು ಸಡಿಲಾಗಿತ್ತು. ತಾಳಿ ಇರಲಿಲ್ಲ.

ಮರುದಿನ ಯಜಮಾನರು ವೆಂಟಿಲೇಟರಿನಲ್ಲಿದ್ದರು. ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ಅಕ್ಕ ನನ್ನನ್ನು ಕರೆದುಕೊಂಡು, ಯಂತ್ರ ಹೊತ್ತು, ಮತ್ತೆ ಆಚೆ ದಡಕ್ಕೆ ಬಂದರು. ಗಳದಿಂದ ದೋಣಿಯವರೆಗೆ ಸಾಲು ಹಿಡಿದು ನಡೆಯತೊಡಗಿದರು.

‘ಅಕ್ಕಾ, ಕೆಸರಲ್ಲಿ ಹೂತ ಅಷ್ಟು ಸಣ್ಣ ಚಿನ್ನ ಇದಕ್ಕೆ ಕಾಣಲ್ಲ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?’

‘ಗೊತ್ತೈತಿ ನಂಗ. ನೀ ಅಂಕಿ ಓದು.’

ಓದಿದೆ. ಒಂದು ಕಡೆ ಅಂಕಿ ನೆಗೆಯಿತು. ಅಕ್ಕ ಮಂಡಿಯೂರಿ ಬರಿಗೈಯಲ್ಲಿ ಕೆಸರು ಬಗೆದರು. ಸಿಕ್ಕಿದ್ದು ದೋಣಿಯ ತುಕ್ಕು ಹಿಡಿದ ಮೊಳೆಗಳು. ಇನ್ನೊಂದು ಕಡೆ ಡಬ್ಬಿಯ ಮುಚ್ಚಳ. ಪ್ರತಿ ಸಲವೂ ಕೆಸರುಗೈಯಿಂದ ಕೊರಳಿನ ಕೊಂಬನ್ನು ಮುಟ್ಟಿ ನೋಡಿಕೊಂಡು ಏಳುತ್ತಿದ್ದರು. ನೀರು ಪಾದಕ್ಕೆ ಬಂತು. ‘ಪಾನೀ ಬಢತ್ ಹೌ, ದೀದೀ!’ ನೀರು ಏರುತ್ತಿದೆ ಎಂದು ದೋಣಿಯವನು ಕೂಗುತ್ತಲೇ ಇದ್ದ. ಅಕ್ಕ ನೀರಿನ ಮೇಲೂ ಯಂತ್ರ ಹಿಡಿದರು. ಅಂಕಿ ಏರುತ್ತಿತ್ತು. ಅದು ಬರೀ ನೀರು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ನಾನು ಗಟ್ಟಿಯಾಗಿ ಓದುತ್ತಲೇ ಇದ್ದೆ, ಅಳುತ್ತ... ಕೊನೆಗೆ ದೋಣಿಯವನು ಬಂದು ಅವರ ರಟ್ಟೆ ಹಿಡಿದು ಎಳೆದುಕೊಂಡು ಹೋದ.

ಹೊಳೆ ಇಳಿಯುವ ಮೊದಲೇ ಯಜಮಾನರು ತೀರಿಕೊಂಡರು.

ಅಕ್ಕ ಆಮೇಲೆ ಒಂದೇ ಸಲ ಹೊಲಕ್ಕೆ ಬಂದರು. ನಾನು ರೂಢಿಯಂತೆ ಬಳೆ, ಓಲೆ ಬಿಚ್ಚುತ್ತಿದ್ದೆ. ಅವರ ಕೊರಳಲ್ಲಿ ಕೊಂಬೂ ಇರಲಿಲ್ಲ.

‘ನಂಗಿನ್ನ ತಗಿಯೂದು ಏನೂ ಉಳಿದಿಲ್ಲ ನೋಡ, ತಂಗಿ,’ ಎಂದು ಯಂತ್ರ ಎತ್ತಿಕೊಂಡು ನಡೆದರು. ಅಂದಿನ ಅಂಕಿಗಳಲ್ಲಿ ಒಂದೂ ಕೆಟ್ಟಿರಲಿಲ್ಲ.

ಅಕ್ಕ ಕಾಶಿ ಬಿಟ್ಟರು. ಕೆಲವು ಕಾಲ ಫೋನ್ ಎತ್ತುತ್ತಿರಲಿಲ್ಲ, ಈಗ ಆ ನಂಬರೇ ಇಲ್ಲ. ಅವರು ಇದ್ದಾರೋ ಇಲ್ಲವೋ ಎಂದು ಹೇಳುವವರೂ ನನಗೆ ಯಾರೂ ಇಲ್ಲ.

ಇವತ್ತು ಅದೇ ದಡದಲ್ಲಿ ಅಳತೆಯಿತ್ತು. ‘ಮ್ಯಾಮ್, ಹಮ್‌ನೇ ಸಬ್ ಉತಾರ್ ದಿಯಾ,’ ಎಲ್ಲ ಬಿಚ್ಚಿಟ್ಟಾಯಿತು ಎಂದು ವಿದ್ಯಾರ್ಥಿನಿಯರು ನನ್ನತ್ತ ನೋಡಿದರು. ಇಷ್ಟು ವರ್ಷ ಹೊಲದಲ್ಲಿ ಎಷ್ಟು ಸಲ ಬಿಚ್ಚಿಟ್ಟಿದ್ದೇನೋ ನನ್ನ ತಾಳಿಯನ್ನು. ಇವತ್ತು ಕೈ ಕೊರಳವರೆಗೆ ಹೋಗಿ ನಿಂತುಬಿಟ್ಟಿತು. ಯಂತ್ರವನ್ನು ಅವರ ಕೈಗೆ ಕೊಟ್ಟು, ಮುಷ್ಟಿಯಲ್ಲಿ ಆ ಕೊಂಬನ್ನು ಹಿಡಿದು, ದೂರ ಹೋಗಿ ನಿಂತೆ.