ಸೀಟಿನ ಕೆಳಗಿನ ನನ್ನ ಬ್ಯಾಟರಿ

ನಮ್ಮ ಮನೆಯ ಟ್ರ್ಯಾಕ್ಟರ್ ಬ್ಯಾಟರಿ ಟ್ರ್ಯಾಕ್ಟರಿನಲ್ಲಿ ಇರುವುದೇ ಕಡಿಮೆ. ಹೊಲದಲ್ಲಿ ರಾಶಿಯ ಒಕ್ಕಣೆಯಿದ್ದರೆ ಬಲ್ಬಿಗೆ, ಓಣಿಯಲ್ಲಿ ಭಜನೆಯಿದ್ದರೆ ಮೈಕಿಗೆ, ಯಾರದ್ದೋ ಜೀಪು ನಿಂತರೆ ಅದಕ್ಕೆ. ಕೇಳಿದವರಿಗೆ ಇಲ್ಲವೆನ್ನುವ ರೂಢಿ ಇಂಡಿ ಊರಿನ ನಮ್ಮ ಓಣಿಯಲ್ಲಿಲ್ಲ. ಹಾಗಾಗಿ ನನ್ನ ವ್ಯಾನಿನ ಫ್ರಿಜ್ಜಿಗೂ ಅದನ್ನೇ ಹಾಕಬೇಕೆಂದು ಭಾವ, ಅಂದರೆ ನನ್ನ ಗಂಡನ ಅಣ್ಣ, ಹೇಳಿದಾಗ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ನಾನು ಮನೆಯಲ್ಲಿ ಶ್ರೀಖಂಡ ಮಾಡಿ, ವ್ಯಾನು ಓಡಿಸಿಕೊಂಡು ಹೋಗಿ ಸಿಂದಗಿ, ಬಸವನ ಬಾಗೇವಾಡಿಯ ಮನೆಗಳಿಗೆ ಕೊಟ್ಟು ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ಪುಟ್ಟ ಫ್ರಿಜ್ಜಿನ ತಂತಿಯನ್ನು ವ್ಯಾನಿನ ಬ್ಯಾಟರಿಗೇ ಜೋಡಿಸಿದ್ದೆವು. ದೇವರ ಹಿಪ್ಪರಗಿಯಲ್ಲಿ ಗಾಡಿ ನಿಲ್ಲಿಸಿ ಒಂದು ಮನೆಯಲ್ಲಿ ಊಟಕ್ಕೆ ಕೂತು ಬಂದು ಕೀಲಿ ತಿರುವಿದರೆ ಬರೀ ಟಿಕ್ ಟಿಕ್. ಫ್ರಿಜ್ಜಿನ ದೀಪವೂ ಆರಿತ್ತು. ಡಬ್ಬಿಗಳ ಅಂಚಿನಲ್ಲಿ ಶ್ರೀಖಂಡ ಆಗಲೇ ನೀರು ಬಿಟ್ಟಿತ್ತು. ಇನ್ನೊಮ್ಮೆ ಹೀಗಾದರೆ ವ್ಯಾನು ನನ್ನ ಕೈಗೆ ಸಿಗುವುದಿಲ್ಲವೆಂದು ಮನೆಯಲ್ಲಿ ಮಾತಾಯಿತು.

"ಟ್ರ್ಯಾಕ್ಟರ್ ಬ್ಯಾಟರಿ ಭಾಳ ಗಟ್ಟಿ ಇರ್ತೈತಿ, ಅದನ್ನ ಹಾಕು," ಎಂದರು ಭಾವ.

"ಅದು ಎಂಜಿನ್ ಎಬ್ಬಿಸಾಕ ಮಾಡಿದ್ದು, ಭಾವಾರ. ದಿನಾ ಖಾಲಿ ಮಾಡಿದ್ರ ಲಗೂನ ಸಾಯ್ತೈತಿ."

"ಕಾನ್ವೆಂಟಿನ್ಯಾಗ ಬ್ಯಾಟರಿನೂ ಕಲಿಸಿದ್ರೇನವಾ?"

"ಕಲಿಸಿದ್ರು. ಎದುರು ಪ್ರಶ್ನಿ ಕೇಳೂದನ್ನೂ ಕಲಿಸಿದ್ರು."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ಭಾವ ನಕ್ಕು, ಬ್ಯಾಟರಿ ತಂದು ವ್ಯಾನಿನಲ್ಲಿ ಇಟ್ಟೇ ಬಿಟ್ಟರು. ಎರಡು ದಿನ ಓಡಾಡಿದೆ. ಶ್ರೀಖಂಡ ತಣ್ಣಗೇ ಇತ್ತು. ಮೂರನೆಯ ದಿನ ಬೆಳಿಗ್ಗೆ ಬ್ಯಾಟರಿಯನ್ನು ಟ್ರ್ಯಾಕ್ಟರಿಗೆ ಮರಳಿ ಜೋಡಿಸಿದರೆ ಅದು ಒಮ್ಮೆ ನರಳಿ ಸುಮ್ಮನಾಯಿತು. ಬಿತ್ತನೆಗೆ ಹೊರಟಿದ್ದ ಭಾವ ಬಾನೆಟ್ಟು ತೆರೆದು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. ನಾನು ಚಹಾ ಕೊಟ್ಟೆ.

ಅದೇ ಮಧ್ಯಾಹ್ನ ಗಂಡನನ್ನು ಕರೆದುಕೊಂಡು ಬ್ಯಾಟರಿ ಅಂಗಡಿಗೆ ಹೋದೆ. ಗೆರೆ ಹಾಕಿದ ಹಾಳೆಯಲ್ಲಿ ಲೆಕ್ಕ ಬರೆದುಕೊಂಡಿದ್ದೆ: ಫ್ರಿಜ್ಜಿಗೆ ಸರಾಸರಿ ಮೂರು ಆಂಪಿಯರ್, ನನ್ನ ತಿರುಗಾಟ ಹತ್ತು ಗಂಟೆ, ಅಂದರೆ ದಿನಕ್ಕೆ ಮೂವತ್ತು ಆಂಪಿಯರ್-ಅವರ್. ಅಂಗಡಿಯವರು ನನ್ನ ಹಾಳೆ ನೋಡಿ, ಉತ್ತರವನ್ನು ನನ್ನ ಗಂಡನಿಗೆ ಕೊಟ್ಟರು. "ಮನಿ ಇನ್ವರ್ಟರ್ ಬ್ಯಾಟರಿನ ಹಾಕಿಬಿಡ್ರಿ ಸರ್."

"ಕೇಳಿದಾಕಿ ನಾನ್ರಿ," ಎಂದೆ. ದನಿ ಏರಿಸಲಿಲ್ಲ. "ಅದರಾಗಿನ ಆ್ಯಸಿಡ್ ನೀರು ಬಾಗೇವಾಡಿ ರಸ್ತಾದಾಗ ಕುಲುಕಿದ್ರ ಡಬ್ಬಿಗೆ ವಾಸನಿ ಹತ್ತೂದಿಲ್ಲೇನ್ರಿ?"

"ಅಕಿನ್ನ ಕೇಳ್ರಿ," ಎಂದ ಗಂಡ ಫ್ಯಾನಿನ ಕೆಳಗೆ ಸರಿಯುತ್ತ. "ನನಗೇನೂ ತಿಳಿಯೂದಿಲ್ಲ."

ಅಂಗಡಿಯವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಕೊನೆಗೆ ಅರವತ್ತು ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಆರಿಸಿದೆ. ಜೊತೆಗೆ ಎಂಜಿನ್ ಓಡುವಾಗ ಮಾತ್ರ ಅದನ್ನು ತುಂಬುವ ಒಂದು ಚಾರ್ಜರು. ಗಾಡಿ ನಿಂತಾಗ ವ್ಯಾನಿನ ಬ್ಯಾಟರಿಯನ್ನು ಫ್ರಿಜ್ಜು ಮುಟ್ಟುವಂತಿಲ್ಲ. ಬಿಸಿ ತಾಗದಿರಲೆಂದು ಎಂಜಿನ್ನಿನಿಂದ ದೂರ, ಹಿಂದಿನ ಸೀಟಿನ ಕೆಳಗೆ ಕೂರಿಸಲು ಹೇಳಿದೆ.

ಮುಂದಿನ ವಾರ ಬಾಗೇವಾಡಿಯಲ್ಲಿ ತೊಟ್ಟಿಲ ಕಾರ್ಯ. ಎರಡು ತಾಸು ಬಿಸಿಲಲ್ಲಿ ಗಾಡಿ ನಿಂತಿತ್ತು. ಮುಚ್ಚಳ ತೆರೆದಾಗ ಡಬ್ಬಿಗಳ ಹೊರಮೈ ಬೆವೆತಿತ್ತು, ಒಳಗೆ ಶ್ರೀಖಂಡ ಗಟ್ಟಿಯಾಗಿತ್ತು. ಕೀಲಿ ತಿರುವಿದೆ, ವ್ಯಾನು ಮೊದಲ ಸಲಕ್ಕೇ ಎದ್ದಿತು.

ಮನೆ ಮುಟ್ಟಿದಾಗ ಭಾವ ಕಟ್ಟೆಯ ಮೇಲೆ ಕಾಯುತ್ತಿದ್ದರು. "ನಾಳಿಗೆ ಭಜನಿ ಐತಿ. ನಿನ್ನ ಬ್ಯಾಟರಿ ಒಂದೆರಡು ತಾಸು ಕೊಡವಾ, ಮೈಕಿಗೆ."

"ಕೊಡೂದಿಲ್ಲ, ಭಾವಾರ."

ಅವರು ನನ್ನನ್ನು ನೋಡಿದರು. ಉಳಿದಿದ್ದ ಶ್ರೀಖಂಡವನ್ನು ಬಟ್ಟಲಿಗೆ ಹಾಕಿ ಕೊಟ್ಟೆ. ಪೂರ್ತಿ ತಿಂದರು, ಚಮಚವನ್ನೂ ನೆಕ್ಕಿದರು, ಆಮೇಲೆ ಮತ್ತೊಮ್ಮೆ ಕೇಳಿದರು.

ಮತ್ತೊಮ್ಮೆ ಇಲ್ಲವೆಂದೆ.